ಚಿನ್ನದ ಊರಿನಲ್ಲಿ ಹೆಣ್ಣಿಗೆ ಬೆಲೆ ಕಟ್ಟಿದವರು

(ಭಾನುವಾರದ ಯೌವನಸ್ಥರ ಆರಾಧನೆಯ ಸಂದೇಶ, ಬರಹ ರೂಪದಲ್ಲಿ)

ನಿಮ್ಮ ಸತ್ಯವೇದ ತೆರೀರಿ. ಫೋನಲ್ಲಿ ಓದೋರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಯೋಹಾನನ ಸುವಾರ್ತೆ 8ನೇ ಅಧ್ಯಾಯ, 1ರಿಂದ 11ನೇ ವಚನಗಳು.

ಈ ಭಾಗ ನಿಮಗೆ ಗೊತ್ತು. ಶಾಸ್ತ್ರಿಗಳೂ ಫರಿಸಾಯರೂ ಒಬ್ಬ ಹೆಂಗಸನ್ನು ಹಿಡಿದು ತಂದು ದೇವಾಲಯದಲ್ಲಿ ಎಲ್ಲರ ನಡುವೆ ನಿಲ್ಲಿಸಿದರು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಿದ್ದಾಳೆ, ಕಲ್ಲೆಸೆದು ಕೊಲ್ಲಬೇಕು ಅಂದರು. ಆದರೆ ಮೋಶೆಯ ಧರ್ಮಶಾಸ್ತ್ರ ಏನು ಹೇಳುತ್ತೆ? ಯಾಜಕಕಾಂಡ 20:10 ನೋಡಿ. ಅಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ಶಿಕ್ಷೆ. ಹಾಗಾದರೆ ಆ ಗಂಡಸು ಎಲ್ಲಿ? ಸಿಕ್ಕಿಬಿದ್ದಿದ್ದು ಒಬ್ಬಳೇನಾ? ಈ ಪ್ರಶ್ನೆಯನ್ನು ಮನಸ್ಸಲ್ಲಿ ಇಟ್ಕೊಳ್ಳಿ. ಇವತ್ತಿನ ಸಂದೇಶ ಎಲ್ಲಾ ಅದರ ಮೇಲೇನೇ.

ಇದೇ ತರಹದ ಒಂದು ಗುಂಪು 1851ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಒಂದು ಚಿನ್ನದ ಊರಲ್ಲಿ ಸೇರಿತ್ತು. ಆ ಗುಂಪಿನ ಕೈಯಿಂದ ಕಲ್ಲು ಕೆಳಗೆ ಬೀಳಲಿಲ್ಲ. ಅದನ್ನು ಹೇಳೋ ಮುಂಚೆ ಆ ಊರು ಹೇಗೆ ಹುಟ್ಟಿತು ಅಂತ ಹೇಳ್ತೀನಿ.

1848ರ ಜನವರಿ 24. ಕೊಲೋಮ ಅನ್ನುವ ಜಾಗದಲ್ಲಿ ಮರ ಕೊಯ್ಯುವ ಗಿರಣಿ ಕಟ್ಟುತ್ತಿದ್ದ ಜೇಮ್ಸ್ ಮಾರ್ಷಲ್ ಎಂಬುವನಿಗೆ ನೀರಿನ ಕಾಲುವೆಯಲ್ಲಿ ಚಿನ್ನದ ಚೂರುಗಳು ಕಂಡವು. ಸುದ್ದಿ ಹರಡಿತು. ಸುಮಾರು ಸಾವಿರ ಜನ ಇದ್ದ ಸ್ಯಾನ್ ಫ್ರಾನ್ಸಿಸ್ಕೊ ಎರಡೇ ವರ್ಷದಲ್ಲಿ 25,000ದ ಹತ್ತಿರ ಬಂತು. ಬಂದವರಲ್ಲಿ ಹೆಚ್ಚಿನವರು ಗಂಡಸರು. 1850ರ ಜನಗಣತಿಯಲ್ಲಿ ಕ್ಯಾಲಿಫೋರ್ನಿಯಾದ ಜನರಲ್ಲಿ ಹೆಂಗಸರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. ಗಣಿಗಳ ಕಡೆ ಇನ್ನೂ ಕಡಿಮೆ.

ಅಲ್ಲಿ ಅಂಗಡಿ ಅಂಗಡಿಯಲ್ಲೂ ತಕ್ಕಡಿ ಇತ್ತು. ಜನ ನೋಟು ಕೊಡ್ತಿರಲಿಲ್ಲ, ಚಿನ್ನದ ಪುಡಿ ತೂಗಿ ಕೊಡ್ತಿದ್ದರು. ಒಂದು ಔನ್ಸಿಗೆ ಸುಮಾರು 16 ಡಾಲರ್ ಲೆಕ್ಕ. ಲುಝೀನಾ ವಿಲ್ಸನ್ ಎಂಬ ತಾಯಿ 1849ರಲ್ಲಿ ಗಂಡ, ಮಕ್ಕಳ ಜೊತೆ ಗಾಡಿಯಲ್ಲಿ ಅಲ್ಲಿಗೆ ಬಂದರು. ಒಲೆಯ ಮುಂದೆ ರಾತ್ರಿಯ ಅಡುಗೆ ಮಾಡುತ್ತಿದ್ದಾಗ ಗಣಿಯವನೊಬ್ಬ ಬಂದು, ಹೆಂಗಸಿನ ಕೈಯಲ್ಲಿ ಮಾಡಿದ ಬಿಸ್ಕೆಟ್ ಬೇಕು, 5 ಡಾಲರ್ ಕೊಡ್ತೀನಿ ಅಂದ. ಅವರು ಆಶ್ಚರ್ಯದಿಂದ ಸುಮ್ಮನೆ ನೋಡುತ್ತಿದ್ದಾಗ 10 ಕೊಡ್ತೀನಿ ಅಂದ. ಮುಂದೆ ಅವರು ನೆವಾಡಾ ಸಿಟಿ ಎಂಬ ಗಣಿ ಊರಲ್ಲಿ ಊಟದ ಮನೆ ನಡೆಸಿದರು. ಬಟ್ಟೆ ಒಗೆದು, ರೊಟ್ಟಿ ಸುಟ್ಟು, ಬಾಡಿಗೆಗೆ ಕೋಣೆ ಕೊಟ್ಟು ಮರ್ಯಾದೆಯಿಂದ ಬದುಕಿದ ಹೆಂಗಸರು ಅಲ್ಲಿ ಬಹಳ ಜನ.

ಆದರೆ ಎಲ್ಲರಿಗೂ ಆ ದಾರಿ ಸಿಗಲಿಲ್ಲ. ಮೆಕ್ಸಿಕೊ, ಚಿಲಿ, ಫ್ರಾನ್ಸ್, ಚೀನಾದಿಂದ ಹಡಗಿನಲ್ಲಿ ಹೆಂಗಸರು ಬಂದರು. ಹಡಗಿನ ಬಾಡಿಗೆ ಕಟ್ಟಲು ಹಣ ಇಲ್ಲದವರು ಅದನ್ನು ಸಾಲವಾಗಿ ಹೊತ್ತು ಬಂದರು, ಆ ಸಾಲವನ್ನು ಮೈಯಿಂದ ತೀರಿಸಬೇಕಾಯಿತು. ಕೆಲವರು ತಾವೇ ಈ ಕಸುಬಿಗೆ ಬಂದು ಹಣ ಮಾಡಿದರು, ಅದೂ ನಿಜ. ಆದರೆ ಮೋಸದಿಂದ, ಬಡತನದಿಂದ, ಮಾರಾಟವಾಗಿ ಬಂದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ಈಗ ಆ ಊರಿಗೆ ಬರೋಣ. ಡೌನಿವಿಲ್, ಯೂಬಾ ನದಿಯ ದಡದ ಗಣಿ ಊರು. 1851ರ ಜುಲೈ 4, ಸ್ವಾತಂತ್ರ್ಯದ ಹಬ್ಬ. ಕುಡಿದು ಕುಣಿದ ರಾತ್ರಿ. ಕ್ಯಾನನ್ ಎಂಬ ಗಣಿಯವನು ಒಬ್ಬ ಮೆಕ್ಸಿಕನ್ ಹೆಂಗಸಿನ ಮನೆಯ ಬಾಗಿಲು ಮುರಿದ. ಬೆಳಿಗ್ಗೆ ಬಾಗಿಲಿನ ವಿಷಯಕ್ಕೆ ಜಗಳ ಆಯಿತು. ಅವನು ಅವಳನ್ನು ಸೂಳೆ ಎಂದು ಬೈದ ಎಂದು ಅವಳ ಜೊತೆ ಬಾಳುತ್ತಿದ್ದ ಹೋಸೆ ಸಾಕ್ಷಿ ಹೇಳಿದ. ಅವಳು ಚಾಕುವಿನಿಂದ ಇರಿದಳು, ಅವನು ಸತ್ತ. ಜನ ಅಲ್ಲೇ ಸೇರಿದರು. ಗುಂಪಿನಿಂದಲೇ ನ್ಯಾಯಮಂಡಳಿ ಆರಿಸಿದರು. ಅವಳು ಬಸುರಿ ಎಂದು ಒಬ್ಬ ವೈದ್ಯ ಹೇಳಿದ, ಅದನ್ನೂ ತಳ್ಳಿಹಾಕಿದರು. ಅದೇ ದಿನ ನದಿಯ ಸೇತುವೆಗೆ ಅವಳನ್ನು ನೇಣು ಹಾಕಿದರು. ಎಷ್ಟೋ ಕಾಲ ಕಥೆ ಹೇಳಿದವರೆಲ್ಲ ಅವಳನ್ನು ಬರೀ ಹುವಾನಿಟಾ ಅಂತ ಕರೆದರು. ಅವಳ ಹೆಸರು ಹೋಸೆಫಾ ಎಂದು ಇತಿಹಾಸಕಾರರು ಆಮೇಲೆ ಬರೆದರು.

ಪ್ರಿಯರೇ, ಅವಳು ಇರಿದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಒಂದು ಜೀವ ಹೋಯಿತು. ಆದರೆ ಮುರಿದ ಬಾಗಿಲಿನ ಬಗ್ಗೆ ಆ ಗುಂಪು ಕೇಳಲಿಲ್ಲ. ಅವಳು ಎಂಥವಳು ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. ಎಂಥವಳು ಅಂತ ತೀರ್ಮಾನ ಆದಮೇಲೆ ಏನು ಮಾಡಿದರೂ ಆಗುತ್ತೆ ಅಲ್ವಾ?

ಈಗ ಯೋಹಾನ 8ಕ್ಕೆ ವಾಪಸ್ ಬನ್ನಿ. ಯೇಸು ಸ್ವಾಮಿ ಬಗ್ಗಿ ನೆಲದ ಮೇಲೆ ಬರೆದರು. ಎಲ್ಲರ ಕಣ್ಣು ಆ ಹೆಂಗಸಿನ ಮೇಲೆ ಇತ್ತು. ಸ್ವಾಮಿ ಮಾತಾಡಿದ ಕೂಡಲೇ ಪ್ರತಿಯೊಬ್ಬನ ಕಣ್ಣು ತನ್ನ ತನ್ನ ಕೈಯ ಮೇಲೆ ಬಿತ್ತು. ಹಿರಿಯರಿಂದ ಹಿಡಿದು ಒಬ್ಬೊಬ್ಬರಾಗಿ ಹೊರಟರು. ಪಾಪವೇ ಇಲ್ಲದವರು ಒಬ್ಬರೇ ಉಳಿದರು, ಕಲ್ಲೆಸೆಯುವ ಹಕ್ಕು ಇದ್ದವರೂ ಅವರೊಬ್ಬರೇ. ಅವರು ಎಸೆಯಲಿಲ್ಲ. ಹಲ್ಲೆಲೂಯಾ! ಅವಳ ಪಾಪವನ್ನು ಪಾಪ ಅಲ್ಲ ಅಂತಲೂ ಹೇಳಲಿಲ್ಲ. ಶಿಕ್ಷೆಗೆ ಒಪ್ಪಿಸದೆ, ಹೊಸ ಬದುಕಿಗೆ ಕಳಿಸಿದರು.

ಹೊಸ ಬದುಕು ಅಂದರೆ ಬರೀ ಬಾಯಿಮಾತಾ? ಇಲ್ಲ. ಅದಕ್ಕೆ ಯಾರಾದರೂ ಬಾಗಿಲು ತೆರೀಬೇಕು. ಅದೇ ಸ್ಯಾನ್ ಫ್ರಾನ್ಸಿಸ್ಕೊಗೆ ಬನ್ನಿ. ಚಿನ್ನದ ಓಟ ಮುಗಿದರೂ ಅದು ಹುಟ್ಟಿಸಿದ ವ್ಯಾಪಾರ ಮುಗಿಯಲಿಲ್ಲ. ಚೀನಾದ ಬಡ ಮನೆಗಳಿಂದ ಹುಡುಗಿಯರನ್ನು ತಂದು ಮಾರುತ್ತಿದ್ದರು. ಓದಲು ಬರದವರಿಂದ ಕರಾರಿಗೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ಇಷ್ಟು ವರ್ಷ ಸಂಬಳ ಇಲ್ಲದೆ ಮೈ ಮಾರಬೇಕು, ಕಾಯಿಲೆ ಬಿದ್ದರೆ ಆ ದಿನಗಳಿಗೆ ಬದಲಾಗಿ ಅವಧಿ ಇನ್ನೂ ಉದ್ದ ಆಗುತ್ತೆ. ಇಂಥ ಲೆಕ್ಕದಲ್ಲಿ ಸಾಲ ಯಾವತ್ತು ತೀರುತ್ತೆ ಹೇಳಿ?

1874ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಈ ಹುಡುಗಿಯರಿಗಾಗಿ ಒಂದು ಮಿಷನ್ ಮನೆ ಶುರುಮಾಡಿದರು. 1895ರಲ್ಲಿ ಡೊನಾಲ್ಡಿನಾ ಕ್ಯಾಮರನ್ ಎಂಬ 25ರ ಆಸುಪಾಸಿನ ಯುವತಿ ಹೊಲಿಗೆ ಕಲಿಸೋಕೆ ಅಲ್ಲಿಗೆ ಬಂದರು. ನಿಮ್ಮಲ್ಲಿ ಎಷ್ಟೋ ಜನರ ವಯಸ್ಸು ಅದೇ. ಒಂದು ವರ್ಷ ಇರೋಣ ಅಂತ ಬಂದವರು ಹತ್ತಿರ ಹತ್ತಿರ 40 ವರ್ಷ ಉಳಿದರು. ಪೊಲೀಸರ ಜೊತೆ ಹೋಗಿ ಬೀಗ ಹಾಕಿದ ಬಾಗಿಲು ಒಡೆಸಿದರು, ಮಾಳಿಗೆ ಹತ್ತಿದರು, ಕೋರ್ಟಿಗೆ ಅಲೆದರು. ನೂರಾರು ಹುಡುಗಿಯರು ಹೊರಗೆ ಬಂದರು. ಆ ಮನೆಯ ನಿಯಮಗಳು ಕಟ್ಟುನಿಟ್ಟಾಗಿದ್ದವು, ಎಲ್ಲರಿಗೂ ಅದು ಒಗ್ಗಲಿಲ್ಲ, ಕೆಲವರು ಬಿಟ್ಟು ಹೋದರು. ಬಿಡುಗಡೆ ಒಂದೇ ದಿನದ ಕೆಲಸ ಅಲ್ಲ, ಪ್ರಿಯರೇ.

ಅಲ್ಲಿ ಟಿಯೆನ್ ಫೂ ವು ಎಂಬ ಹುಡುಗಿ ಇದ್ದಳು. ಜೂಜಿನ ಸಾಲಕ್ಕೆ ತಂದೆಯೇ ಅವಳನ್ನು ಮಾರಿದ್ದ. ಮನೆಗೆಲಸದ ಗುಲಾಮಳಾಗಿ ಏಟು ತಿಂದು, 1894ರಲ್ಲಿ ಇನ್ನೂ ಮಗುವಾಗಿದ್ದಾಗ ಮಿಷನ್ ಮನೆ ಸೇರಿದಳು. ದೊಡ್ಡವಳಾಗಿ ಓದಿ ಬಂದು, ಕ್ಯಾಮರನ್ ಜೊತೆ ಅದೇ ಗಲ್ಲಿಗಳಿಗೆ ಹೋಗಿ, ಭಯದಿಂದ ನಡುಗುವ ಹುಡುಗಿಯರಿಗೆ ಅವರದೇ ಭಾಷೆಯಲ್ಲಿ ಧೈರ್ಯ ಹೇಳಿದಳು. ಬಿಡಿಸಿಕೊಂಡು ಬಂದವಳೇ ಬಿಡಿಸುವವಳಾದಳು. ಆಮೆನ್ ಅನ್ನಿ!

1906ರ ಏಪ್ರಿಲ್ 18ರಂದು ಭೂಕಂಪ ಆಯಿತು, ಊರಿಗೆ ಬೆಂಕಿ ಬಿತ್ತು. ಕ್ಯಾಮರನ್ ಹುಡುಗಿಯರನ್ನೆಲ್ಲ ಸುರಕ್ಷಿತ ಜಾಗಕ್ಕೆ ಸೇರಿಸಿದರು. ಆಮೇಲೆ ಬೆಂಕಿ ಹತ್ತಿರ ಬರುತ್ತಿರುವಾಗಲೇ ಆ ಮನೆಗೆ ವಾಪಸ್ ಹೋದರು. ಯಾಕೆ? ಹಣಕ್ಕಲ್ಲ. ಆ ಮಕ್ಕಳ ಪಾಲನೆಯ ಕಾನೂನು ದಾಖಲೆಗಳು ಒಳಗೆ ಉಳಿದಿದ್ದವು. ಆ ಕಾಗದ ಸುಟ್ಟರೆ ನಾಳೆ ಹಳೇ ಮಾಲೀಕ ಬಂದು, ಇವಳು ನನ್ನವಳು ಅನ್ನಬಹುದು. ಆ ಕಾಗದಗಳನ್ನು ಹಿಡಿದುಕೊಂಡು ಹೊರಗೆ ಬಂದರು.

ನನಗೆ ಇದರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ಕಾಣುತ್ತೆ. ನಾವು ಈಗ ದಾಸರಲ್ಲ, ಮಕ್ಕಳು, ದತ್ತುಪುತ್ರರ ಆತ್ಮವನ್ನು ಹೊಂದಿದವರು. ಸೈತಾನನು ಹಳೇ ಕರಾರು ಹಿಡಿದು ಬರ್ತಾನೆ: ನೀನು ಇಂಥವಳು, ನೀನು ಇಂಥವನು. ಅವನಿಗೆ ಹೇಳಿ, ನನ್ನ ಕಾಗದ ಯೇಸುವಿನ ಕೈಯಲ್ಲಿದೆ, ಅದಕ್ಕೆ ರಕ್ತದ ಮೊಹರು ಇದೆ! ಯೆರಿಕೋವಿನ ರಾಹಾಬಳನ್ನು ಅವಳ ಊರು ಕಸುಬಿನಿಂದ ಕರೆಯಿತು. ಮತ್ತಾಯ 1:5 ತೆಗೆದು ನೋಡಿ, ಯೇಸು ಸ್ವಾಮಿಯ ವಂಶಾವಳಿಯಲ್ಲಿ ಅವಳ ಹೆಸರಿದೆ.

ಈಗ ನಿಮ್ಮ ಹತ್ತಿರ ಬರ್ತೀನಿ. ತಮ್ಮಂದಿರೇ, ಕೊಳ್ಳುವವನು ಇಲ್ಲದೆ ಮಾರಾಟ ಇಲ್ಲ. ಚಿನ್ನದ ಊರಲ್ಲಿ ಕೊಂಡವರನ್ನು ಯಾರೂ ಹೆಸರಿಟ್ಟು ಕರೀಲಿಲ್ಲ, ಮಾರಿಕೊಂಡವಳನ್ನು ಮಾತ್ರ ಕರೆದರು. ರಾತ್ರಿ 1 ಗಂಟೆಗೆ ಹೊದಿಕೆಯ ಒಳಗೆ ನೀವು ನೋಡುವ ವೀಡಿಯೋದಲ್ಲಿ ಇರುವ ಹುಡುಗಿ ಯಾವ ಸಾಲಕ್ಕೆ ಅಲ್ಲಿಗೆ ಬಂದಳು, ನಿಮಗೆ ಗೊತ್ತಾ? ಹಾಸ್ಟೆಲ್ಲಿನಲ್ಲಿ, ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬ ಹುಡುಗಿಯ ಬಗ್ಗೆ 'ಇವಳ ರೇಟ್ ಎಷ್ಟು' ಅಂತ ಜೋಕ್ ಬಂದಾಗ ನೀವು ನಗೋ ಎಮೋಜಿ ಹಾಕಿದರೆ, ನಿಮ್ಮ ಕೈಯಲ್ಲೂ ಆ ತಕ್ಕಡಿ ಇದೆ. ಇವತ್ತು ಕೆಳಗಿಡಿ.

ತಂಗಿಯರೇ, ಯಾರೋ ನಿಮಗೆ ಬೆಲೆ ಕಟ್ಟಿರಬಹುದು. ಯಾರೋ ಬಾಗಿಲು ಮುರಿದಿರಬಹುದು, ಆಮೇಲೆ ನಿಮ್ಮನ್ನೇ ದೂರಿರಬಹುದು. ಬಾಗಿಲು ಮುರಿದ ಪಾಪ ಮುರಿದವನದು. ಕರ್ತನು ನಿಮ್ಮನ್ನು ಹೆಸರಿನಿಂದ ಬಲ್ಲನು.

ಸಭೆಯೇ, ಕಣ್ಣೀರಿನ ಪ್ರಾರ್ಥನೆ ಬೇಕು, ಜೊತೆಗೆ ಕಾಗದದ ಕೆಲಸವೂ ಬೇಕು. ಕೆಲಸದ ಆಸೆ ತೋರಿಸಿ ಯಾವುದೋ ಹುಡುಗಿಯನ್ನು ಕರ್ಕೊಂಡು ಹೋಗ್ತಿದ್ದಾರೆ ಅಂತ ಅನುಮಾನ ಬಂದರೆ ಸುಮ್ಮನೆ ಇರಬೇಡಿ. ಮಗು ಆದರೆ 1098, ತುರ್ತು ಆದರೆ 112ಕ್ಕೆ ಫೋನ್ ಮಾಡಿ. ನಮ್ಮಲ್ಲಿ ವಕೀಲರಿದ್ದೀರಿ, ನರ್ಸ್‌ಗಳಿದ್ದೀರಿ, ಭಾಷೆ ಬಲ್ಲವರಿದ್ದೀರಿ. ಹೊರಗೆ ಬಂದವಳಿಗೆ ಇರೋಕೆ ಕೋಣೆ, ಮಾಡೋಕೆ ಕೆಲಸ, ಕೂತು ಉಣ್ಣೋಕೆ ಒಂದು ಮನೆ ಬೇಕು. ಭಾನುವಾರ ಅವಳು ಬಂದರೆ ಕೊನೇ ಸಾಲು ತೋರಿಸಬೇಡಿ, ಪಕ್ಕದಲ್ಲಿ ಜಾಗ ಬಿಡಿ.

ಟಿಯೆನ್ ಫೂ ವು ಅವರ ಸಮಾಧಿ ಲಾಸ್ ಏಂಜಲೀಸ್‌ನಲ್ಲಿ, ಕ್ಯಾಮರನ್ ಕುಟುಂಬದ ಜಾಗದಲ್ಲೇ ಇದೆ. ಮಾರಿದ ಮಗಳನ್ನು ಆ ಮನೆಯವರು ತಮ್ಮವಳು ಅಂದರು.

ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಕರ್ತನೇ, ನಮ್ಮ ಕೈಯಲ್ಲಿ ಕಲ್ಲಿದ್ದರೆ ಬೀಳಿಸು. ನಮ್ಮ ಕಣ್ಣಲ್ಲಿ ತಕ್ಕಡಿ ಇದ್ದರೆ ತೆಗೆದುಹಾಕು. ಹೆಸರಿಲ್ಲದೆ ಹೋದ ಹೆಣ್ಣುಮಕ್ಕಳನ್ನು ನೀನು ಬಲ್ಲೆ. ಇವತ್ತು ಬೀಗದ ಹಿಂದೆ ಇರುವವರ ಬಳಿಗೆ ನಮ್ಮನ್ನು ಕಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.