ನೀರು ಹಾಕಿದವರು

ನಮ್ಮ ಅಪಾರ್ಟ್‌ಮೆಂಟಿನ ತೋಟಕ್ಕೆ ಕಳೆದ ವರ್ಷ ಒಂದು ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ತೋಟದ ಸಮಿತಿ ಅಂತ ನಾವು ಐದು ಜನ ಇದ್ದೀವಿ, ಕಾರ್ಯದರ್ಶಿ ನಾನೇ. ಸರ್ಟಿಫಿಕೇಟ್ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ವಿ, ಫ್ರೇಮ್ ಹಾಕಿಸಿ ಲಿಫ್ಟ್ ಪಕ್ಕ ತೂಗುಹಾಕಿದ್ವಿ. ಊರಿಂದ ಬಂದಿದ್ದ ಅಪ್ಪ ಅದರಲ್ಲಿ ನನ್ನ ಹೆಸರು ಓದಿ, "ನೀನ್ಯಾವಾಗಪ್ಪಾ ಗುದ್ಲಿ ಹಿಡಿದಿದ್ದು?" ಅಂದರು.

ಗುದ್ದಲಿ ಹಿಡಿದದ್ದು ನಮ್ಮ ಮಾಲಿ. ನಾನು ಎಕ್ಸೆಲ್ ಹಿಡಿದಿದ್ದೆ.

ಅವತ್ತು ನಗಾಡಿ ಸುಮ್ಮನಾದೆ. ಆದರೆ ತೋಟ ಅನ್ನೋದು ಯಾರದ್ದು ಅನ್ನೋ ಪ್ರಶ್ನೆ ಮಾತ್ರ ಹೋಗಲಿಲ್ಲ. ಲಾಲ್‌ಬಾಗಿನ ಕಥೆ ಓದೋಕೆ ಶುರುಮಾಡಿದ್ದೇ ಅದರಿಂದ. 1760ರಲ್ಲಿ ಹೈದರಾಲಿ ಶುರುಮಾಡಿಸಿದ ತೋಟ, ಟಿಪ್ಪು ಬೆಳೆಸಿದ್ದು. ಇದು ಎಲ್ಲರಿಗೂ ಗೊತ್ತು. ನನಗೆ ಗೊತ್ತಿಲ್ಲದೆ ಇದ್ದದ್ದು ಏನಂದ್ರೆ, 1836ರಲ್ಲಿ ಅದನ್ನ ಒಂದು ಕೃಷಿ ಮತ್ತು ತೋಟಗಾರಿಕೆ ಸಂಘದ ಕೈಗೆ ಕೊಟ್ಟಿದ್ದರು ಅನ್ನೋದು. ಆರು ವರ್ಷಕ್ಕೆ, 1842ರಲ್ಲಿ, ಆ ಸಂಘ ಮುಚ್ಚಿಹೋಯ್ತು. ಸರ್ಕಾರಿ ಸಸ್ಯೋದ್ಯಾನ ಅಂತ ಆಗಿದ್ದು 1856ರಲ್ಲಿ.

ನಡುವೆ ಹದಿನಾಲ್ಕು ವರ್ಷ. ಗಿಡ ಹದಿನಾಲ್ಕು ವರ್ಷ ಕಾಯಲ್ಲ ಸ್ವಾಮಿ, ಬೇಸಿಗೆಯಲ್ಲಿ ಹದಿನಾಲ್ಕು ದಿನವೂ ಕಾಯಲ್ಲ. ಸಂಘ ಸತ್ತ ಮೇಲೂ ಯಾರೋ ನೀರು ಹಾಕಿರಲೇಬೇಕು. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಹೂವು, ತರಕಾರಿ ಬೆಳೆದವರು ತಿಗಳರು. ಕರಗ ಹೊರೋ ಅದೇ ಜನ. ಆ ಹದಿನಾಲ್ಕು ವರ್ಷ ಬಿಂದಿಗೆ ಹೊತ್ತವರಲ್ಲಿ ಅವರು ಇದ್ದೇ ಇರ್ತಾರೆ ಅಂತ ನನ್ನ ಊಹೆ. ಹೆಸರು ಮಾತ್ರ ಒಂದೂ ಸಿಗಲಿಲ್ಲ.

ಸಿಗೋ ಹೆಸರುಗಳು ದೊಡ್ಡವೇ. ಜಾನ್ ಕ್ಯಾಮರಾನ್ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ನಮ್ಮ ಸಾಂಬಾರಿಗೆ ಸೀಮೆಬದನೆ ತಂದುಕೊಟ್ಟವರೂ ಅವರೇ ಅಂತಾರೆ. 1908ರಲ್ಲಿ ಬಂದ ಜರ್ಮನಿಯ ಕ್ರಂಬಿಗಲ್ 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಕಟ್ಟಿದರು. ಈಗಲೂ ಜನವರಿ, ಆಗಸ್ಟ್‌ನ ಫಲಪುಷ್ಪ ಪ್ರದರ್ಶನದಲ್ಲಿ ತೋಟಗಾರಿಕೆ ಇಲಾಖೆ ಜೊತೆ ಇರೋದು ಆ ಸಂಘವೇ. ಮನೆತೋಟಗಳ ಸ್ಪರ್ಧೆಯೂ ಅದರ ಜೊತೆಗೇ ನಡೆಯುತ್ತೆ. ಕ್ರಂಬಿಗಲ್ ಹೆಸರಲ್ಲಿ ರಸ್ತೆ ಇದೆ, ಮರಿಗೌಡರ ಹೆಸರಲ್ಲೂ ಇದೆ. ಇರಲೇಬೇಕು, ಬಿಡಿ. ಕ್ರಂಬಿಗಲ್ ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬಿಡೋ ಹಾಗೆ ಲೆಕ್ಕ ಹಾಕಿ ರಸ್ತೆ ಬದಿ ಮರ ನೆಡಿಸಿದವರು. ಅಂಥ ಲೆಕ್ಕ ಇಲ್ಲದೆ ಬರೀ ಬೆವರಿನಿಂದ ಬೆಂಗಳೂರಿಗೆ ಆ ಬಣ್ಣ ಬರ್ತಿರಲಿಲ್ಲ.

ಹಾಗಾಗಿ "ದುಡಿದವನದ್ದೇ ತೋಟ" ಅಂದುಬಿಟ್ಟರೆ ಅದೂ ಪೂರ್ತಿ ನಿಜ ಅಲ್ಲ. ಸಭೆ ಕರೆಯೋದು, ದುಡ್ಡು ಹೊಂದಿಸೋದು, ನೀರಿನ ಟ್ಯಾಂಕರ್‌ಗೆ ಅಸೋಸಿಯೇಷನ್ ಜೊತೆ ಜಗಳ ಆಡೋದೂ ಕೆಲಸವೇ. ನಮ್ಮ ಸಮಿತಿ ಇಲ್ಲದಿದ್ದರೆ ಆ ಜಾಗ ಇಷ್ಟು ಹೊತ್ತಿಗೆ ಕಾರ್ ಪಾರ್ಕಿಂಗ್ ಆಗಿರ್ತಿತ್ತು. ಮಾಲಿಗೆ ಸಂಬಳ ಕೊಡ್ತೀವಲ್ಲ, ಇನ್ನೇನು ಅಂತ ಸಮಿತಿಯ ಒಬ್ಬರು ಕೇಳಿದರು.

ಆದರೆ ನನಗೂ ಸಂಬಳ ಬರುತ್ತೆ. ಆದರೂ ನಾನು ಬರೆದ ಕೋಡ್‌ನ ಪ್ರತಿ ಸಾಲಿನ ಪಕ್ಕ ನನ್ನ ಹೆಸರು, ತಾರೀಕು, ಗಂಟೆ ಇರುತ್ತೆ. ಗಿಟ್ ಅದನ್ನ ತಾನಾಗೇ ಬರ್ಕೊಳ್ಳುತ್ತೆ. ಒಮ್ಮೆ ನಾನು ಮಾಡಿದ ಕೆಲಸವನ್ನ ಮ್ಯಾನೇಜರ್ ತನ್ನ ಹೆಸರಲ್ಲಿ ತೋರಿಸಿದಾಗ ಮೂರು ರಾತ್ರಿ ನಿದ್ದೆ ಬಂದಿರಲಿಲ್ಲ. ಸಂಬಳ ಆ ತಿಂಗಳೂ ಸರಿಯಾಗೇ ಬಂದಿತ್ತು. ಅಂದ್ರೆ ಕೂಲಿ ಬೇರೆ, ಹೆಸರು ಬೇರೆ ಅಂತ ನನಗೆ ಚೆನ್ನಾಗೇ ಗೊತ್ತಿತ್ತು, ನನ್ನ ವಿಷಯದಲ್ಲಿ.

ಇದನ್ನ ಸಿಟಿಯ ರೋಗ ಅಂತ ಹೇಳಿ ಜಾರಿಕೊಳ್ಳೋಣ ಅಂದ್ರೆ ಅದೂ ಆಗಲ್ಲ. "ಈ ಸಲ ನಾವು ಇಪ್ಪತ್ತು ಮೂಟೆ ರಾಗಿ ಬೆಳೆದ್ವಿ" ಅಂತ ಅಪ್ಪ ಹೇಳ್ತಿದ್ದರು. ಪೈರು ನೆಟ್ಟವರು, ಕಳೆ ಕಿತ್ತವರು, ಕೊಯ್ದವರು ಆ "ನಾವು" ಒಳಗೆ ಇರಲಿಲ್ಲ. ಕಳೆಗೆ ಬರ್ತಿದ್ದ ಹೆಂಗಸರಿಗೆ ಕಾಫಿ ಕೂಡ ಬೇರೆ ಲೋಟದಲ್ಲಿ, ಜಗಲಿಯಿಂದ ಆಚೆ. ಅಪ್ಪ ಕೇಳಿದ ಗುದ್ದಲಿ ಪ್ರಶ್ನೆಯನ್ನ ನಾನು ಚಿಕ್ಕವನಿದ್ದಾಗ ಅವರಿಗೇ ಕೇಳಬಹುದಿತ್ತು. ಕೇಳೋದು ತೋಚಲಿಲ್ಲ. ಈಗ ಅವರಿಗೆ ಎಪ್ಪತ್ತು, ಕೇಳೋಕೆ ಧೈರ್ಯ ಇಲ್ಲ. ಆ ಲೋಟಗಳು ಇನ್ನೂ ನಮ್ಮ ಅಟ್ಟದ ಮೇಲಿವೆ.

ಈ ವರ್ಷದ ಸ್ಪರ್ಧೆಗೆ ಅರ್ಜಿ ತುಂಬುವಾಗ ಮಾಲಿಯ ಹೆಸರನ್ನೂ ಸೇರಿಸೋಣ ಅಂದೆ. ಇಬ್ಬರು ಹೂಂ ಅಂದರು, ಇಬ್ಬರು ಮುಖ ಸಿಂಡರಿಸಿದರು. ಬರೆಯೋಕೆ ಕೂತಾಗ ಗೊತ್ತಾಯ್ತು, ನಾಲ್ಕು ವರ್ಷದಿಂದ ಆ ಮನುಷ್ಯನನ್ನ ನಾನು "ಮಾಲಿ" ಅಂತಲೇ ಕರೆದಿದ್ದೀನಿ. ಕೆಳಗಿಳಿದು ಹೋದೆ. ದಾಸವಾಳದ ಪಾತಿಗೆ ಗೊಬ್ಬರ ಹಾಕ್ತಿದ್ದರು.

"ನಿಮ್ಮ ಪೂರ್ತಿ ಹೆಸರು ಬೇಕಿತ್ತಲ್ಲ?" ಅಂದೆ.

ಗಾಬರಿಯಿಂದ ಎದ್ದು ನಿಂತು, ಕೈ ಲುಂಗಿಗೆ ಒರೆಸಿಕೊಂಡು, "ಯಾಕ್ ಸಾರ್, ಯಾರಾದ್ರೂ ಕಂಪ್ಲೇಂಟ್ ಕೊಟ್ಟವ್ರಾ?" ಅಂದರು.