ಮಳೆಯ ಮುನ್ಸೂಚನೆ ಮತ್ತು ವ್ಯಾಪಾರಿಯ ಮೌನ

ತಿಳಿದದ್ದನ್ನು ಹೇಳದೆ ಇರುವುದು ದೋಷವೇ? ಸುಳ್ಳಾಡುವವನ, ತೂಕದಲ್ಲಿ ವಂಚಿಸುವವನ, ಕಲಬೆರಕೆ ಮಾರುವವನ ದೋಷಗಳನ್ನು ನಮ್ಮ ಆಚಾರ್ಯರು ಬಿಡಿಬಿಡಿಯಾಗಿ ಹೆಸರಿಸಿದ್ದಾರೆ. ಆದರೆ ಸರಿಯಾದ ಸರಕನ್ನು ಸರಿಯಾದ ತೂಕದಲ್ಲಿ, ನ್ಯಾಯವಾದ ಬೆಲೆಗೆ ಕೊಟ್ಟು, ಕೊಳ್ಳುವವನು ತಿಳಿದಿರಬೇಕಾಗಿದ್ದ ಒಂದು ಸಂಗತಿಯನ್ನು ಮಾತ್ರ ನಾಲಿಗೆಯ ತುದಿಯಲ್ಲಿಯೇ ತಡೆದುಕೊಂಡ ವ್ಯಾಪಾರಿಯ ವಿಷಯವೇನು? ನನ್ನ ಸ್ವಂತ ಅಂಗಡಿಯ ಒಂದು ವ್ಯವಹಾರದಿಂದ ಹುಟ್ಟಿದ ಈ ಪ್ರಶ್ನೆಯನ್ನು ಪ್ರಾಜ್ಞ ಓದುಗರ ಮುಂದೆ ಇಡುತ್ತಿದ್ದೇನೆ.

ನಾನಿರುವುದು ಈಗ ಮಂಡ್ಯ ನಗರದೊಳಗೇ ಸೇರಿಹೋಗಿರುವ ಗುತ್ತಲಿನಲ್ಲಿ. ನಾವು ನಾಲೆಯ ನೀರಿನ ಜನ. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕನ್ನಂಬಾಡಿ ಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಈ ಸೀಮೆಗೆ ಕಬ್ಬು, ಭತ್ತ, ಆಲೆಮನೆಗಳನ್ನು ಕೊಟ್ಟವು. ಕಟ್ಟೆಯಲ್ಲಿ 124.80 ಅಡಿ ನೀರು ನಿಂತಿತೆಂದು ಪತ್ರಿಕೆಯಲ್ಲಿ ಓದಿದರೆ ನಮ್ಮ ಊರಿನವರಿಗೆ ಆ ವರ್ಷದ ಚಿಂತೆ ಮುಗಿದಂತೆ. ಆದರೆ ಕಟ್ಟೆಗೆ ನೀರು ಬರುವುದು ಕೊಡಗಿನ ಮಳೆಯಿಂದ. ನಾಗಮಂಗಲದ ಬಹುಭಾಗ, ಬಸರಾಳು, ಕೊಪ್ಪ, ಹಲಗೂರು ಕಡೆಯ ಎತ್ತರದ ಹೊಲಗಳಿಗೆ ಅವುಗಳ ಮೇಲೆಯೇ ಬಿದ್ದ ಮಳೆಯಲ್ಲದೆ ಬೇರೆ ಗತಿಯಿಲ್ಲ. ಒಂದೇ ಜಿಲ್ಲೆಯಲ್ಲಿ, ಒಂದೇ ದಿನ, ಒಬ್ಬನ ಗದ್ದೆ ತುಂಬಿರುವಾಗ ಇನ್ನೊಬ್ಬನ ಹೊಲ ಬಾಯಿಬಿಟ್ಟಿರಬಹುದು. ನನ್ನ ಗಿರಾಕಿಗಳಲ್ಲಿ ಎರಡೂ ಬಗೆಯವರು ಇದ್ದಾರೆ. ಮಳೆಯನ್ನು ನಂಬಿದವರು ಸಾಲ ಬರೆಸುತ್ತಾರೆ, ಅಷ್ಟೇ ವ್ಯತ್ಯಾಸ.

ಅಂಗಡಿಯ ಗೋಡೆಯ ಮೇಲೆ ಮೂರು ಕಾಲಗಣನೆಗಳು ಜೊತೆಯಾಗಿ ತೂಗುತ್ತವೆ. ತೆರಿಗೆಯ ಲೆಕ್ಕಕ್ಕೆ ಏಪ್ರಿಲ್‌ನಿಂದ ಮಾರ್ಚ್, ಪೂಜೆ, ಪರ್ವಗಳಿಗೆ ಚಾಂದ್ರಮಾನದ ತಿಥಿ, ರೈತನಿಗೆ ಮಳೆನಕ್ಷತ್ರ. ಅಧಿಕಮಾಸ ಬಂದಾಗ ತಿಥಿಗಳು ತಿಂಗಳಷ್ಟು ಹಿಂದುಮುಂದಾಗುತ್ತವೆಯೆಂದು ಅರಿತೇ ನಮ್ಮ ಒಕ್ಕಲಿಗರು ಬಿತ್ತನೆಗೆ ಸೂರ್ಯನ ನಕ್ಷತ್ರವನ್ನು ಹಿಡಿದರು. ಮೃಗಶಿರ, ಆರಿದ್ರ, ಪುನರ್ವಸು ಎಂದು ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಇದು ಅಚಲವೆಂದು ನಾನೂ ನಂಬಿದ್ದೆ. ಆದರೆ ನಕ್ಷತ್ರಗಳ ಲೆಕ್ಕವು ಋತುಗಳ ಲೆಕ್ಕಕ್ಕಿಂತ ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಹಿಂದೆ ಬೀಳುತ್ತದೆ. 981ರಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಪ್ರತಿಷ್ಠೆಯಾದಂದಿನಿಂದ ಇಂದಿನವರೆಗೆ ಪೂರಾ ಒಂದು ಮಳೆನಕ್ಷತ್ರದಷ್ಟು ವ್ಯತ್ಯಾಸವಾಗಿದೆ. ಸಾವಿರ ವರ್ಷಗಳಲ್ಲಿ ಆದ ಆ ಹದಿನಾಲ್ಕು ದಿನಗಳ ಸರಿತವನ್ನು ಯಾವ ಒಕ್ಕಲಿಗನೂ ಗಮನಿಸಬೇಕಾಗಲಿಲ್ಲ. ತಲೆಮಾರಿಗೆ ತಲೆಮಾರು ಅರಿವಿಲ್ಲದೆಯೇ ಹೊಂದಿಕೊಂಡಿತು.

ಈಗ ಹಾಗಲ್ಲ. 2023ರಲ್ಲಿ ಮುಂಗಾರು ಕೇರಳವನ್ನು ಮುಟ್ಟಿದ್ದು ಜೂನ್ 8ರಂದು. 2024ರಲ್ಲಿ ಮೇ 30. 2025ರಲ್ಲಿ ಮೇ 24. ಎರಡೇ ವರ್ಷಗಳ ಅಂತರದಲ್ಲಿ ಹದಿನೈದು ದಿನಗಳ ಏರುಪೇರು. 2025ರ ಜೂನ್ ಮುಗಿಯುವ ಮೊದಲೇ ಕನ್ನಂಬಾಡಿ ತುಂಬಿತು. ಜೂನ್‌ನಲ್ಲಿ ಅದು ತುಂಬಿದ್ದು ಅದೇ ಮೊದಲು. ಆ ವರ್ಷ ಆಷಾಢ ಶುಕ್ಲ ಚತುರ್ದಶಿಯಂದು ಮುನಿಗಳು ವರ್ಷಾಯೋಗವನ್ನು ಸ್ಥಾಪಿಸುವ ವೇಳೆಗೆ ಮಳೆ ಬಂದು ಆರು ವಾರಗಳಾಗಿದ್ದವು. ನೆಲದಲ್ಲಿ ಜೀವರಾಶಿ ತುಂಬುವ ಕಾಲದಲ್ಲಿ ಸಂಚಾರ ನಿಲ್ಲಿಸಬೇಕೆಂಬುದು ಚಾತುರ್ಮಾಸದ ಕಾರಣವಾದರೆ, ತಿಥಿಗೂ ಕಾರಣಕ್ಕೂ ಬಿರುಕು ಬಿಟ್ಟಾಗ ಯಾವುದನ್ನು ಹಿಡಿಯಬೇಕೆಂಬುದು ತ್ಯಾಗಿಗಳು ವಿಚಾರ ಮಾಡಬೇಕಾದ ವಿಷಯ. ಗೃಹಸ್ಥನಾದ ನಾನು ಅದನ್ನು ಮುಟ್ಟುವುದಿಲ್ಲ.

ರೈತನ ಕಷ್ಟವಿರುವುದು ಮುಂಗಾರು ಬಂದ ತಾರೀಖಿಗಿಂತ ಹೆಚ್ಚಾಗಿ ನಡುವೆ ಬೀಳುವ ಬಿಡುವಿನಲ್ಲಿ. ಘಟ್ಟದ ಮರೆಯಲ್ಲಿರುವ ಮಂಡ್ಯಕ್ಕೆ ವರ್ಷಕ್ಕೆ ಬೀಳುವುದು ಸರಾಸರಿ ಸುಮಾರು 700 ಮಿಲಿಮೀಟರ್. ಅದರಲ್ಲಿ ಒಂದು ಪಾಲು ಮೇ ತಿಂಗಳಲ್ಲಿಯೂ ದೊಡ್ಡ ಪಾಲು ಸೆಪ್ಟೆಂಬರ್-ಅಕ್ಟೋಬರ್‌ಗಳಲ್ಲಿಯೂ ಬೀಳುತ್ತದೆ. ಮೇ ತಿಂಗಳ ಹದಕ್ಕೆ ಎಳ್ಳು, ಅಲಸಂದೆ. ಅವು ಎದ್ದ ಮೇಲೆ ರಾಗಿ. ರಾಗಿಯೂ ಕೈಕೊಟ್ಟರೆ ಕೊನೆಯದಾಗಿ ಹುರುಳಿ. ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಹರಳಿನ ಅಕ್ಕಡಿ. ಒಂದು ಹೋದರೆ ಇನ್ನೊಂದು ಉಳಿಯಲೆಂಬ ಈ ವ್ಯವಸ್ಥೆಯನ್ನು ಕಂಡಾಗ, ಬಂಡವಾಳವನ್ನೆಲ್ಲಾ ಒಂದೇ ಕಡೆ ಹೂಡಬಾರದೆಂದು ಕಾಲೇಜಿನಲ್ಲಿ ನಾನು ಓದಿದ ಪಾಠವನ್ನು ಇವರು ಓದದೆಯೇ ಕಲಿತಿದ್ದಾರೆನಿಸುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದ ಮೇಲೆ ರೈತನಿಗೆ ಆಯ್ಕೆಗಳು ಹೆಚ್ಚಿದವು. 120 ದಿನಗಳ ದೀರ್ಘಾವಧಿ ತಳಿಯನ್ನು ಜೂನ್-ಜುಲೈನಲ್ಲಿ ಬಿತ್ತಬೇಕು. ಮಳೆ ತಡವಾದರೆ ನೂರು ದಿನಗಳ ಒಳಗೆ ಮಾಗುವ ಅಲ್ಪಾವಧಿಯದನ್ನು ಆಗಸ್ಟ್‌ನಲ್ಲಿ ಬಿತ್ತಬಹುದು. ಯಾವ ಚೀಲ ಬಿಚ್ಚಬೇಕೆಂಬ ನಿರ್ಧಾರದಲ್ಲಿಯೇ ವರ್ಷದ ಅನ್ನ ಅಡಗಿದೆ. ಆ ಚೀಲ ನನ್ನ ಅಂಗಡಿಯಲ್ಲಿದೆ.

2023ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆಯು ಮುಂಗಾರು ಸಾಮಾನ್ಯವಾಗಿರುವುದೆಂದು ಹೇಳುತ್ತಲೇ, ಎಲ್ ನಿನೊ ತಲೆದೋರುವ ಸಂಭವವಿದೆಯೆಂದೂ ಸೇರಿಸಿತ್ತು. ಶಾಂತಸಾಗರದ ನೀರು ಬಿಸಿಯೇರಿದ ವರ್ಷಗಳಲ್ಲಿ ನಮ್ಮ ಮುಂಗಾರು ಸೊರಗುವುದುಂಟೆಂದು ಪತ್ರಿಕೆಗಳು ಬರೆದವು. ದವಸದ ಬೆಲೆಗೆ ಸಂಬಂಧಿಸಿದ ಸುದ್ದಿಯಾದುದರಿಂದ ಎರಡೆರಡು ಬಾರಿ ಓದಿದೆ. ಜುಲೈ ಮೊದಲ ವಾರದಲ್ಲಿ ಬಹುಕಾಲದ ಗಿರಾಕಿಯಾದ ಒಬ್ಬ ರೈತರು ಬಂದು ಮೂರೂವರೆ ಎಕರೆಗೆ ದೀರ್ಘಾವಧಿ ರಾಗಿಯ ಬೀಜವನ್ನೂ ಅದಕ್ಕೆ ತಕ್ಕ ಗೊಬ್ಬರವನ್ನೂ ಕೇಳಿದರು. ದೀಪಾವಳಿ ಕಳೆದು ತೀರಿಸುವ ಮಾತು. ಪ್ರಮಾಣಿತ ಬೀಜಕ್ಕೆ ಒಂಬತ್ತು ತಿಂಗಳ ಅವಧಿ ಇರುವುದು ಓದುಗರಲ್ಲಿ ಕೆಲವರಿಗೆ ತಿಳಿದಿರಬಹುದು. ನನ್ನ ದಾಸ್ತಾನಿನ ಅವಧಿ ಮುಗಿಯುವುದಕ್ಕೆ ಹೆಚ್ಚು ದಿನಗಳಿರಲಿಲ್ಲ. "ಈ ವರ್ಷ ನಡುವೆ ಮಳೆ ಕೈಕೊಡಬಹುದೆನ್ನುತ್ತಾರೆ, ಅರ್ಧ ಹೊಲಕ್ಕೆ ಮಾತ್ರ ಹಾಕಿ ನೋಡಿ" ಎಂಬ ಮಾತು ಬಾಯಿಗೆ ಬಂದಿತ್ತು. ಆಡಲಿಲ್ಲ. ಚೀಟಿ ಬರೆದುಕೊಟ್ಟೆ.

ಜುಲೈನಲ್ಲಿ ಮಳೆ ಚೆನ್ನಾಗಿಯೇ ಆಯಿತು. ನನ್ನ ಮೌನವೇ ಸರಿಯಾಯಿತೆಂದು ಒಳಗೊಳಗೇ ಸಮಾಧಾನಪಟ್ಟೆ. ಆಮೇಲೆ ಬಂದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಆ ರೈತರು ಬಾಡಿದ ಪೈರಿನ ಎರಡು ಎಕರೆಯನ್ನು ಸೆಪ್ಟೆಂಬರ್‌ನಲ್ಲಿ ಮತ್ತೆ ಉತ್ತು ಹುರುಳಿ ಚೆಲ್ಲಿದರು.

ಈಗ ವಿಚಾರಕ್ಕೆ ಬರೋಣ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳನ್ನು ತೆಗೆದು ನೋಡಿದೆ. ಕಳ್ಳತನಕ್ಕೆ ಪ್ರೇರಣೆ, ಕದ್ದ ಮಾಲಿನ ಖರೀದಿ, ರಾಜನಿಯಮದ ಉಲ್ಲಂಘನೆ, ಹೆಚ್ಚುಕಡಿಮೆ ಅಳತೆ, ನಕಲಿ ಸರಕು: ನಾನು ಒಂದನ್ನೂ ಮಾಡಿರಲಿಲ್ಲ. ಸತ್ಯಾಣುವ್ರತದ ಅತಿಚಾರಗಳಲ್ಲಿಯೂ ನನ್ನ ಮೌನಕ್ಕೆ ಹೆಸರು ಸಿಗಲಿಲ್ಲ. ಪಾರಾದೆನೆಂದುಕೊಂಡು ಪುಸ್ತಕ ಮುಚ್ಚಬಹುದಾಗಿತ್ತು. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಹೇಳಿದ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿಲೋಭಗಳಿವೆ. ಮುಂದೆ ವಿಶೇಷ ಲಾಭ ಬರುವುದೆಂದು ಧಾನ್ಯಾದಿಗಳನ್ನು ಕೂಡಿಡುವುದು ಅತಿಸಂಗ್ರಹವೆಂದು ವ್ಯಾಖ್ಯಾನಕಾರ ಪ್ರಭಾಚಂದ್ರರು ಬಿಡಿಸುತ್ತಾರೆ. ನಾನು ಕೂಡಿಟ್ಟಿದ್ದು ಧಾನ್ಯವನ್ನಲ್ಲ, ಸುದ್ದಿಯನ್ನು. ದವಸ ಕೊಳ್ಳುವಾಗ ನನ್ನ ಲಾಭಕ್ಕೆ ಬಳಸಿದ ತಿಳಿವಳಿಕೆಯನ್ನೇ ಬೀಜ ಮಾರುವಾಗ ಗಲ್ಲಾಪೆಟ್ಟಿಗೆಯೊಳಗೆ ಇಟ್ಟುಕೊಂಡೆ.

ಇದಕ್ಕೆ ಮಿತ್ರರೊಬ್ಬರು ಎತ್ತಿದ ಆಕ್ಷೇಪಣೆಯನ್ನು ಹಗುರವಾಗಿ ತಳ್ಳುವಂತಿಲ್ಲ. ಮುನ್ಸೂಚನೆ ಎಂಬುದು ನಿಶ್ಚಯವಲ್ಲ, ಸಂಭವ ಮಾತ್ರ. ನಾನು ಹೇಳಿ, ಅವರು ಬಿತ್ತದೆ, ಮಳೆ ಬಂದಿದ್ದರೆ? ಆಗ ಆ ನಷ್ಟಕ್ಕೆ ನಾನೇ ಹೊಣೆಯಾಗುತ್ತಿರಲಿಲ್ಲವೇ? ಅಲ್ಲದೆ ಅಲ್ಪಾವಧಿ ತಳಿಯೂ ಆ ವರ್ಷ ಉಳಿಯುತ್ತಿತ್ತೆಂದು ಹೇಳುವವರಾರು? ಮಾತು ನಿಜ. ಆದರೆ ಸಂಶಯವಿರುವಲ್ಲಿ ಬಾಯಿ ಮುಚ್ಚಿಕೊಳ್ಳಬೇಕೆಂದು ಸ್ಯಾದ್ವಾದ ಹೇಳುವುದಿಲ್ಲ. ಯಾವ ಅಪೇಕ್ಷೆಯಿಂದ, ಎಷ್ಟರ ಮಟ್ಟಿಗೆ ಎಂದು ಷರತ್ತನ್ನು ಸೇರಿಸಿಯೇ ಮಾತನಾಡಬೇಕೆಂಬ ಶಿಸ್ತು ಅದು. "ಬರಬಹುದು, ಬಾರದಿರಲೂಬಹುದು, ಇಲಾಖೆ ಹೀಗೆ ಹೇಳಿದೆ, ನಿರ್ಧಾರ ನಿಮ್ಮದು" ಎಂದು ಹೇಳಲು ನನಗೆ ಅರ್ಧ ನಿಮಿಷ ಸಾಕಾಗಿತ್ತು. ಎಕರೆಗೆ ಬೇಕಾಗುವ ಬೀಜ ನಾಲ್ಕೈದು ಕಿಲೋ ಮಾತ್ರ. ಅದರ ಬೆಲೆ ದೊಡ್ಡದಲ್ಲ. ಉಳುಮೆ, ಗೊಬ್ಬರ, ಆಳಿನ ಖರ್ಚು, ಮರಳಿ ಬಾರದ ಹದ ಇವೇ ನಿಜವಾದ ನಷ್ಟ. ಅರ್ಧ ಹೊಲಕ್ಕೆ ನಿಲ್ಲಿಸಿದ್ದರೂ ಅರ್ಧ ಖರ್ಚು ಉಳಿಯುತ್ತಿತ್ತು. ಮತ್ತೆ ಉತ್ತ ಆ ಎರಡು ಎಕರೆಯ ಮಣ್ಣಿನಲ್ಲಿ ಎಷ್ಟು ಜೀವಗಳು ಮಡಿದವೋ, ಆ ಎರಡನೆಯ ಉಳುಮೆಯಲ್ಲಿ ನನ್ನ ಪಾಲೂ ಇದೆ. ಹಿಂಸೆಯ ಮೂಲವನ್ನು ಸೂತ್ರಕಾರರು ಪ್ರಮತ್ತಯೋಗದಲ್ಲಿ ಇಟ್ಟಿದ್ದಾರೆ. ಫಲ ಬೇರೆಯಾಗಿದ್ದರೂ, ಅಂದು ಚೀಟಿ ಬರೆಯುವಾಗ ನನ್ನ ಮನಸ್ಸಿನಲ್ಲಿದ್ದುದು ಅವರ ಹೊಲವಲ್ಲ, ನನ್ನ ದಾಸ್ತಾನು.

ಕ್ಷಮಾವಣಿಯ ನಂತರದ ಭಾನುವಾರ ಅವರ ಊರಿಗೆ ಹೋದೆ. ಪರಸ್ಪರ ಕಾರ್ಡು ಕಳುಹಿಸಿ ಕ್ಷಮೆ ಕೇಳುವುದು ನಮ್ಮಲ್ಲಿ ಸುಲಭವಾಗಿದೆ. ಕೇಳಬೇಕಾದವರಲ್ಲಿ ಕೇಳುವುದು ಅಷ್ಟು ಸುಲಭವಲ್ಲ. ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಬಾಕಿಗೆ ಬಂದಿದ್ದೇನೆಂದು ಭಾವಿಸಿ, "ಸಾವ್ಕಾರ್ರೆ, ಯುಗಾದಿವರ್ಗೂ ತಡ್ಕಳಿ" ಎಂದರು. ನಾನು ನಡೆದದ್ದನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ನೀವು ಯೋಳಿದ್ರೆ ನಾನು ಕೇಳ್ತಿದ್ನೋ ಇಲ್ವೋ ಗೊತ್ತಿಲ್ಲ. ಆರಿದ್ರ ಮಳೆ ಹುಯ್ದಾಗ ಯಾರ್ ಮಾತ್ ಕೇಳಾರು? ಆದ್ರೂ ಯೋಳ್ಬೋದಾಗಿತ್ತು." ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು.

ಬಡ್ಡಿಯನ್ನೂ ಗೊಬ್ಬರದ ಅರ್ಧ ಹಣವನ್ನೂ ಬಿಟ್ಟೆ. ಅಲ್ಲಿ ಇನ್ನೊಂದು ತೊಡಕು ಎದುರಾಯಿತು: ಇದನ್ನು ಯಾವ ಖಾತೆಗೆ ಬರೆಯುವುದು? ವಸೂಲಾಗದ ಸಾಲವೆಂದರೆ ರೈತರ ಮೇಲೆ ಕಳಂಕ. ಅವರು ತೀರಿಸಲು ಸಿದ್ಧರಿದ್ದರು. ದಾನವೆಂದರೆ ನನ್ನ ಅಹಂಕಾರ. ಕಿತ್ತುಕೊಂಡದ್ದನ್ನು ಹಿಂದಿರುಗಿಸುವವನು ದಾನಿಯಲ್ಲ. ಕೊನೆಗೆ ನಾನು ಕೊಡಬೇಕಾದ ಬಾಕಿಯೆಂದು ಅವರ ಹೆಸರಿನ ಪುಟದಲ್ಲಿ ಜಮಾ ಮಾಡಿದೆ. ನಮ್ಮ ಲೆಕ್ಕಪರಿಶೋಧಕರು ಹುಬ್ಬೇರಿಸಿದರು. ಅವರಿಗೆ ವಿವರಿಸುವ ಗೋಜಿಗೆ ಹೋಗಲಿಲ್ಲ.

ಬಸದಿಗಳ ಟ್ರಸ್ಟುಗಳನ್ನು ನಡೆಸುವ ಹಿರಿಯರಲ್ಲಿ ಇಲ್ಲಿಂದ ಒಂದು ವಿನಂತಿ. ನಮ್ಮ ಆಹಾರದಾನವು ತಿಥಿಯನ್ನು ಅನುಸರಿಸುತ್ತದೆ. ಮಳೆಯಾಶ್ರಿತ ಹಳ್ಳಿಗಳಿಗೆ ನೆರವು ಬೇಕಾಗುವುದು ಮೊದಲ ಬಿತ್ತನೆ ಒಣಗಿದ ವಾರದಲ್ಲಿ. ಆ ವಾರ ಯಾವುದೆಂದು ಯಾವ ಪಂಚಾಂಗವೂ ಹೇಳದು. ನೂರು ಎಕರೆಗೆ ಐದು ಕ್ವಿಂಟಲ್ ಅಲ್ಪಾವಧಿ ರಾಗಿ ಬೀಜ ಸಾಕು. 2025-26ರ ಬೆಂಬಲ ಬೆಲೆಯಾದ ಕ್ವಿಂಟಲಿಗೆ 4,886 ರೂಪಾಯಿಗಳ ಎರಡರಷ್ಟು ಹಿಡಿದರೂ ಐವತ್ತು ಸಾವಿರ ದಾಟದು. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಇದಕ್ಕಿಂತ ಹೆಚ್ಚು ಕೊಟ್ಟವರನ್ನು ನಾನು ಬಲ್ಲೆ. ಬೇಸಾಯಕ್ಕೆ ನೆರವಾಗುವುದು ಆರಂಭೀ ಹಿಂಸೆಯಲ್ಲವೇ ಎಂದು ಕೆಲವರು ಕೇಳಬಹುದು. ಅಸಿ, ಮಸಿ, ಕೃಷಿಗಳನ್ನು ಜನರಿಗೆ ಕಲಿಸಿದವನು ಆದಿನಾಥನೇ. ಆ ರಾಗಿಯ ಮುದ್ದೆ ನಮ್ಮ ತಟ್ಟೆಯಲ್ಲಿಯೂ ಇದೆ. ರಾಗಿ ಒಣಗಿದ ವರ್ಷ ರಾಗಿ ಹುಲ್ಲೂ ಇರುವುದಿಲ್ಲವೆಂಬುದನ್ನು ಗೋಶಾಲೆ ನಡೆಸುವವರಿಗೆ ನಾನು ಹೇಳಬೇಕಾಗಿಲ್ಲ.

ಬೀಜ ಕೊಡಲಾಗದ ಟ್ರಸ್ಟುಗಳು ಒಂದು ಕಪ್ಪುಹಲಗೆಯನ್ನಾದರೂ ತೂಗುಹಾಕಬಹುದು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆ ಅಳೆಯುತ್ತಿದೆ. ವರುಣಮಿತ್ರ ಎಂಬ ಸಹಾಯವಾಣಿಯೂ ಇದೆ. 2024ರಿಂದ ನನ್ನ ಅಂಗಡಿಯ ಬಾಗಿಲಲ್ಲಿ ಅಂಥದೊಂದು ಹಲಗೆ ಇದೆ. ಮುಂದಿನ ದಿನಗಳ ಮಳೆಯ ಸಂಭವವನ್ನೂ ಒಳಗಿರುವ ಪ್ರತಿ ಬೀಜದ ಅವಧಿಯನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತೇನೆ. ಓದಿದವರಲ್ಲಿ ಕೆಲವರು ಬೀಜ ಕೊಳ್ಳದೆ ಹಿಂದಿರುಗುತ್ತಾರೆ. ಆ ರೈತರು ಈಗಲೂ ಬರುತ್ತಾರೆ. ಹಲಗೆಯನ್ನು ಓದಿ, ಆಮೇಲೆ ನನ್ನ ಬಾಯಿಂದಲೂ ಒಮ್ಮೆ ಕೇಳಿಯೇ ಚೀಲ ಬಿಚ್ಚಿಸುತ್ತಾರೆ.