ಅಸಲು, ನಕಲು ಮತ್ತು ತಿದ್ದುಪಡಿ

ಕಚೇರಿಯಲ್ಲಿ ನನ್ನ ಇಪ್ಪತ್ತು ವರ್ಷಗಳು ಹೆಚ್ಚಾಗಿ ನಕಲುಗಳ ನಡುವೆಯೇ ಕಳೆದಿವೆ. ಅಸಲು ಪತ್ರದೊಡನೆ ಹೋಲಿಸಿ ನೋಡಿದ್ದೇನೆಂದು ಅಧಿಕಾರಿಯೊಬ್ಬರು ರುಜು ಹಾಕಿ ಮೊಹರೊತ್ತಿದರೆ ಸಾಕು, ಸರ್ಕಾರದ ಕಣ್ಣಿಗೆ ನಕಲೂ ಅಸಲಿನಷ್ಟೇ ಮಾನ್ಯ. ಮನಸ್ಸಿನ ವ್ಯವಹಾರ ಮಾತ್ರ ಇಷ್ಟು ಸುಲಭವಲ್ಲ. ಅಸಲೆಂದು ನಂಬಿ ಬಹುಕಾಲ ಪ್ರೀತಿಸಿದ ವಸ್ತು ನಕಲೆಂದು ಒಂದು ದಿನ ತಿಳಿದುಬಂದರೆ ಏನು ಮಾಡಬೇಕು? ಪ್ರೀತಿಯನ್ನು ಹಿಂತೆಗೆದುಕೊಳ್ಳಬೇಕೇ, ಅಥವಾ ತಿಳಿದುದನ್ನೇ ಮರೆತುಬಿಡಬೇಕೇ?

ವಿಜ್ಞಾನದ ಹಳೆಯ ವಿದ್ಯಾರ್ಥಿಯಾದ ನಾನು ಫೆಕ್ನರ್ ಎಂಬ ಜರ್ಮನ್ ಭೌತವಿಜ್ಞಾನಿಯ ವಿಷಯ ಓದುತ್ತಿದ್ದಾಗ ಈ ಪ್ರಶ್ನೆ ಎದುರಾಯಿತು. ಅದರ ಜೊತೆಗೇ ಆಲ್‌ಫ್ರೆಡ್ ವೋಲ್ಟ್‌ಮನ್ ಎಂಬ ಕಲಾ ಇತಿಹಾಸಕಾರನ ಪರಿಚಯವೂ ಆಯಿತು.

ವೋಲ್ಟ್‌ಮನ್ ಹುಟ್ಟಿದ್ದು 1841ರಲ್ಲಿ, ಬರ್ಲಿನ್ ಪಕ್ಕದ ಷಾರ್ಲೊಟೆನ್‌ಬುರ್ಗ್‌ನಲ್ಲಿ. ಮೂವತ್ತು ತುಂಬುವುದಕ್ಕೆ ಮೊದಲೇ, 1866ರಿಂದ 1868ರ ನಡುವೆ, ಚಿತ್ರಕಾರ ಹಾನ್ಸ್ ಹೋಲ್‌ಬೈನನನ್ನು ಕುರಿತು ಎರಡು ಸಂಪುಟಗಳ ಗ್ರಂಥ ಪ್ರಕಟಿಸಿ ಹೆಸರಾದ. ಕಾರ್ಲ್ಸ್‌ರೂಹೆ, ಪ್ರಾಗ್, ಸ್ಟ್ರಾಸ್‌ಬುರ್ಗ್‌ಗಳಲ್ಲಿ ಪ್ರಾಧ್ಯಾಪಕನಾಗಿದ್ದ. 1880ರಲ್ಲಿ ತೀರಿಕೊಂಡಾಗ ವಯಸ್ಸು ಮೂವತ್ತೆಂಟು. ಕೈಗೆತ್ತಿಕೊಂಡಿದ್ದ ಚಿತ್ರಕಲೆಯ ಇತಿಹಾಸವನ್ನು ಕಾರ್ಲ್ ವೋರ್ಮನ್ ಎಂಬ ವಿದ್ವಾಂಸ ಮುಗಿಸಬೇಕಾಯಿತು.

ಇನ್ನು ಚಿತ್ರದ ಕಥೆ. ಬಾಸೆಲ್ ನಗರದ ಮಾಜಿ ಮೇಯರ್ ಯಾಕೋಬ್ ಮೇಯರ್ 1526ರ ಸುಮಾರಿಗೆ ಹೋಲ್‌ಬೈನನಿಂದ ಒಂದು ಚಿತ್ರ ಬರೆಯಿಸಿದ. ಶಿಶುವನ್ನೆತ್ತಿಕೊಂಡ ಮರಿಯಮ್ಮ, ಆಕೆಯ ಇಕ್ಕೆಲದಲ್ಲಿ ಮೊಣಕಾಲೂರಿದ ಮೇಯರನ ಕುಟುಂಬ. ಈ ಚಿತ್ರವೆಂದೇ ನಂಬಿ ಸ್ಯಾಕ್ಸನಿಯ ಅರಸನಿಗಾಗಿ 1743ರಲ್ಲಿ ವೆನಿಸ್‌ನಲ್ಲಿ ಒಂದನ್ನು ಕೊಂಡು ಡ್ರೆಸ್ಡೆನ್‌ಗೆ ತಂದರು. ಜನ ಅದನ್ನು ರಾಫೇಲನ ಮರಿಯಮ್ಮನ ಸಾಲಿನಲ್ಲಿಟ್ಟು ಕೊಂಡಾಡಿದರು. 1822ರಲ್ಲಿ ಬರ್ಲಿನ್‌ನಲ್ಲಿ ಇಂಥದೇ ಇನ್ನೊಂದು ಚಿತ್ರ ಕಾಣಿಸಿಕೊಂಡಿತು. ಮುಂದೆ ಅದು ಡಾರ್ಮ್‌ಷ್ಟಾಟ್ ಸೇರಿತು.

1871ರಲ್ಲಿ ಡ್ರೆಸ್ಡೆನ್‌ನ ಹೋಲ್‌ಬೈನ್ ಪ್ರದರ್ಶನದಲ್ಲಿ ಎರಡನ್ನೂ ಜನರೆದುರಿಗೆ ಇಟ್ಟರು. ಡಾರ್ಮ್‌ಷ್ಟಾಟಿನ ಚಿತ್ರವೇ ಅಸಲು, ಡ್ರೆಸ್ಡೆನ್ನಿನದು ಯಾರೋ ಮಾಡಿದ ನಕಲು ಎಂದು ವೋಲ್ಟ್‌ಮನ್ ಮತ್ತು ಇತರ ಇತಿಹಾಸಕಾರರು ರುಜು ಹಾಕಿ ಘೋಷಿಸಿದರು. ಚಿತ್ರಕಾರರು ಕೆರಳಿದರು. ಡ್ರೆಸ್ಡೆನ್ನಿನ ಮರಿಯಮ್ಮನ ಮುಖದಲ್ಲಿ ಹೆಚ್ಚಿನ ಲಾವಣ್ಯವಿದೆ, ಇಷ್ಟು ಚೆಲುವನ್ನು ಆ ಮಹಾಗುರುವಲ್ಲದೆ ಬೇರೆ ಯಾರು ತರಬಲ್ಲರು ಎಂಬುದು ಅವರ ವಾದ. ಫೆಕ್ನರ್ ಮಹಾಶಯ ಜನಾಭಿಪ್ರಾಯ ತಿಳಿಯಲೆಂದು ಅಲ್ಲೊಂದು ಪುಸ್ತಕ ಇರಿಸಿದ. ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ಬಂದುಹೋದರು; ಅಭಿಪ್ರಾಯ ಬರೆದವರು 113 ಮಂದಿ!

ಕೊನೆಗೆ ಇತಿಹಾಸಕಾರರ ಮಾತೇ ನಿಂತಿತು. ಡ್ರೆಸ್ಡೆನ್ನಿನ ಚಿತ್ರವನ್ನು ಹದಿನೇಳನೆಯ ಶತಮಾನದಲ್ಲಿ ಬಾರ್ತೊಲೊಮೇಯುಸ್ ಸಾರ್‌ಬುರ್ಗ್ ಎಂಬಾತ ಮಾಡಿದ ನಕಲೆಂದು ಇಂದು ಒಪ್ಪಲಾಗಿದೆ.

ಹಾಗಾದರೆ ನೂರು ವರ್ಷಕ್ಕೂ ಮಿಕ್ಕಿ ಡ್ರೆಸ್ಡೆನ್ನಿನಲ್ಲಿ ಆ ಚಿತ್ರದ ಮುಂದೆ ಕಣ್ತುಂಬಿ ನಿಂತವರ ಭಾವನೆ ಸುಳ್ಳೇ? ನನಗೆ ಹಾಗೆನಿಸುವುದಿಲ್ಲ. ಕಣ್ಣೀರು ನಿಜವಾದದ್ದೇ. ಚೆಲುವನ್ನು ಕಂಡು ಮನಸ್ಸು ಕರಗಿದ್ದು ತಪ್ಪಲ್ಲ. ನನ್ನ ಮನಸ್ಸು ಕರಗಿತು, ಆದ್ದರಿಂದ ಇದು ಹೋಲ್‌ಬೈನನದೇ ಎಂದು ಹಟ ಹಿಡಿದದ್ದು ತಪ್ಪು. ನನಗೆ ಏನು ಹಿಡಿಸಿತು ಎಂದು ಹೇಳಲು ನಾನೊಬ್ಬನೇ ಸಾಕು. ಯಾರು ಮಾಡಿದರು ಎಂದು ಹೇಳಲು ಸಾಕ್ಷ್ಯ ಬೇಕು, ಏಕೆಂದರೆ ಅಲ್ಲಿ ಇನ್ನೊಬ್ಬನ ಶ್ರಮಕ್ಕೆ ಸಲ್ಲಬೇಕಾದ ಋಣವಿದೆ.

ಮುಂದೆ ಕ್ಷಕಿರಣದಿಂದ ಪರೀಕ್ಷಿಸಿದಾಗ ಡಾರ್ಮ್‌ಷ್ಟಾಟಿನ ಚಿತ್ರದ ಒಳಪದರದಲ್ಲಿ ಒಂದು ಸಂಗತಿ ಕಂಡಿತು. ಮೇಯರನ ಮಗಳು ಅನ್ನಾಳ ಕೂದಲನ್ನು ಹೋಲ್‌ಬೈನ್ ಮೊದಲು ಇಳಿಬಿಟ್ಟಂತೆ ಬರೆದಿದ್ದ; ಆಮೇಲೆ ಅದನ್ನು ಅಳಿಸಿ, ಹೆಣೆದು ಕಟ್ಟಿದಂತೆ ತಿದ್ದಿದ್ದ. ನಕಲು ಮಾಡುವವನಿಗೆ ಈ ತೊಳಲಾಟವಿಲ್ಲ. ತಿದ್ದಿ ಮುಗಿದದ್ದು ಅವನ ಕಣ್ಣೆದುರಿಗೆ ಸಿದ್ಧವಾಗಿರುತ್ತದೆ.

ವೋಲ್ಟ್‌ಮನ್ನನ ಮೇಲೆ ನನಗೆ ಗೌರವ ಹುಟ್ಟಿದ್ದು ಅವನ ಗೆಲುವಿನಿಂದಲ್ಲ. ತನ್ನ ಗ್ರಂಥದ ಮೊದಲ ಆವೃತ್ತಿಯಲ್ಲಿ ಆತ ಔಗ್ಸ್‌ಬುರ್ಗ್‌ನ ಒಂದು ಚಿತ್ರದ ಮೇಲಿನ ಬರಹವನ್ನು ನಂಬಿ, ಅದು ಎಳೆಯ ಹೋಲ್‌ಬೈನನದೆಂದು ಬರೆದಿದ್ದ. ಆ ಬರಹ ಜೀರ್ಣೋದ್ಧಾರ ಮಾಡಿದವನೊಬ್ಬ ಸೇರಿಸಿದ ಸುಳ್ಳೆಂದು ಬಯಲಾಯಿತು. ಚಿತ್ರ ಅದೇ ಹೆಸರಿನ ತಂದೆಯದು. ವೋಲ್ಟ್‌ಮನ್ ತನಗೆ ಕೀರ್ತಿ ತಂದ ಪುಸ್ತಕವನ್ನೇ ಎರಡನೆಯ ಆವೃತ್ತಿಯಲ್ಲಿ ತಿದ್ದಿ ಬರೆದ. ಆತನೇನೂ ದೋಷರಹಿತನಲ್ಲ. ಪ್ರಾಗ್‌ನ ಕಲೆಯಲ್ಲಿ ಜರ್ಮನರ ಪಾತ್ರವನ್ನು ಎತ್ತಿ ಹೇಳಿದ ಅವನ ಉಪನ್ಯಾಸಕ್ಕೆ 1876ರಲ್ಲಿ ಚೆಕ್ ವಿದ್ಯಾರ್ಥಿಗಳು ದೊಡ್ಡ ಪ್ರತಿಭಟನೆಯನ್ನೇ ನಡೆಸಿದರು. ಆದರೂ ಅಚ್ಚಾದ ತನ್ನ ಮಾತನ್ನು ತಾನೇ ತಿದ್ದುವುದು ಎಲ್ಲರಿಂದ ಆಗುವ ಕೆಲಸವಲ್ಲ.

ಇದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಕೆಲವು ವರ್ಷಗಳ ಹಿಂದೆ ನಿವೃತ್ತನಾದ ಜವಾನನೊಬ್ಬನ ಪಿಂಚಣಿ ಕಡತದಲ್ಲಿ, ನಕಲು ಪ್ರತಿಯೊಂದನ್ನು ನೋಡಿ ಅವನ ಸೇವೆಯನ್ನು ಏಳು ತಿಂಗಳು ಕಡಮೆ ಲೆಕ್ಕಹಾಕಿ ಟಿಪ್ಪಣಿ ಬರೆದಿದ್ದೆ. ಅದು ಮಂಜೂರೂ ಆಯಿತು. ಬಹಳ ದಿನಗಳ ಮೇಲೆ ಬೇರಾವುದೋ ಕೆಲಸಕ್ಕೆ ಅಸಲು ಸೇವಾ ಪುಸ್ತಕ ತೆರೆದಾಗ ಅಂಚಿನಲ್ಲಿ ರುಜುಸಹಿತ ತಿದ್ದುಪಡಿ ಕಂಡಿತು. ನಕಲು ಮಾಡಿದವನು ಅದನ್ನು ಬಿಟ್ಟಿದ್ದ. ಜವಾನ ದೂರು ಕೊಟ್ಟಿರಲಿಲ್ಲ. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಆ ಕಡತ ನನ್ನ ಮೇಜಿನ ಮೇಲೆಯೇ ಇತ್ತು. ಆ ಎರಡು ರಾತ್ರಿ ನಾನು ಹುಡುಕಿದ್ದು ಸತ್ಯವನ್ನಲ್ಲ, ಸುಮ್ಮನಿರಲು ಒಂದು ನೆಪವನ್ನು. ಮೂರನೆಯ ದಿನ, ನನ್ನ ಹಿಂದಿನ ಟಿಪ್ಪಣಿ ತಪ್ಪು ಎಂದು ಬರೆದು ರುಜು ಹಾಕಿದೆ. ಅಧಿಕಾರಿಗಳಿಂದ ನಾಲ್ಕು ಮಾತು ಕೇಳಬೇಕಾಯಿತು. ಅವನ ಪಿಂಚಣಿ ಸರಿಹೋಯಿತು.

ಡ್ರೆಸ್ಡೆನ್ನಿನವರು ತಮ್ಮ ನಕಲನ್ನು ಹೊರಗೆಸೆಯಲಿಲ್ಲ. ಅದು ನಿಜವಾಗಿ ಮಾಡಿದವನ ಹೆಸರಿನಲ್ಲಿ ಈಗಲೂ ಅವರ ಸಂಗ್ರಹದಲ್ಲಿದೆ. ನಾವು ಪ್ರೀತಿಸಿದ್ದನ್ನು ಬಿಡಬೇಕಾಗಿಲ್ಲ. ಅದರ ಕೆಳಗಿನ ಹೆಸರು ತಪ್ಪಾಗಿದ್ದರೆ ತಿದ್ದಬೇಕು. ಆ ತಪ್ಪು ಹೆಸರು ಬರೆದವರು ನಾವೇ ಆಗಿದ್ದರೆ, ಮೊದಲು ತಿದ್ದಬೇಕಾದವರೂ ನಾವೇ.